ಒಂದೂಕಾಲು ಇಂಚಿನ ರಬ್ಬರು

ನಮ್ಮೂರ ಕಡೆ ಲಾರಿ ಢಾಬಾ ಮುಂದೆ ನಿಂತರೆ ಮೊದಲು ಇಳಿಯುವವನು ಕ್ಲೀನರ್. ಕೈಯಲ್ಲೊಂದು ರಾಡು. ಲಾರಿಗೆ ಒಂದು ಸುತ್ತು ಬಂದು ಒಂದೊಂದು ಟೈರಿಗೂ ಒಂದೊಂದು ಏಟು ಹಾಕುತ್ತಾನೆ. ಗಾಳಿ ತುಂಬಿದ ಟೈರು ರಾಡನ್ನು ಪುಟಿಸಿ ಎಸೆಯುತ್ತದೆ. ಗಾಳಿ ಇಳಿದದ್ದು 'ದಪ್' ಅಂತ ಏಟನ್ನು ನುಂಗಿಕೊಳ್ಳುತ್ತದೆ. ಕ್ಲೀನರ್‌ಗೆ ಅಷ್ಟು ಸಾಕು.

ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಟ್ರಾವೆಲ್ ಟ್ರೇಲರ್‌ಗೆ ಕ್ಲೀನರ್ ಎಲ್ಲಿಂದ ಬರಬೇಕು? ಪಿಕಪ್ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅದು. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇದೆ. ಸೆಕೆಂಡ್ ಹ್ಯಾಂಡ್ ಮಾಲು. ನಾಲ್ಕು ಟೈರಿಗೆ ಗಾಳಿಯ ಒತ್ತಡ ಅಳೆಯುವ ನಾಲ್ಕು ಸೆನ್ಸರ್ ತಂದು ಹಾಕಿದೆ. ಒಂದೊಂದೂ ಬಾಟಲಿ ಮುಚ್ಚಳದಷ್ಟು ದೊಡ್ಡದು. ವಾಲ್ವಿನ ಕ್ಯಾಪ್ ಬಿಚ್ಚಿ ಆ ಜಾಗಕ್ಕೆ ತಿರುಗಿಸಿದರೆ ಮುಗಿಯಿತು. ಪಿಕಪ್‌ನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಪರದೆಯಲ್ಲಿ ನಾಲ್ಕು ಅಂಕಿ ಕಾಣುತ್ತವೆ.

ಕಾರಿನ ಟೈರ್ ಇಳಿದರೆ ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತದೆ, ಸೀಟಿಗೇ ಗೊತ್ತಾಗುತ್ತದೆ. ಟ್ರೇಲರ್‌ನದು ಹಾಗಲ್ಲ. ನಮ್ಮದಕ್ಕೆ ಎರಡು ಆಕ್ಸಲ್, ಪ್ರತಿ ಬದಿಗೆ ಎರಡೆರಡು ಚಕ್ರ. ಒಂದು ಟೈರ್ ಮೆತ್ತಗಾದರೆ ಪಕ್ಕದ್ದು ಸುಮ್ನೆ ಅದರ ಭಾರವನ್ನೂ ಹೊತ್ತುಕೊಳ್ಳುತ್ತದೆ. ಮುಂದೆ ಕೂತವರಿಗೆ ಏನೂ ತಿಳಿಯುವುದಿಲ್ಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಿದ್ದೀರಲ್ವಾ? ಮುರಿಯುವ ಜಾಗ ಮುಟ್ಟಿದರೆ ಬಿಸಿ ಇರುತ್ತದೆ. ಗಾಳಿ ಕಡಿಮೆ ಇರುವ ಟೈರಿನ ಪಕ್ಕೆಗೂ ಅದೇ ಪಾಡು. ಗಂಟೆಗೆ 100 ಕಿ.ಮೀ. ವೇಗದಲ್ಲಿ 15 ಇಂಚಿನ ರಿಮ್ಮಿನ ಟ್ರೇಲರ್ ಟೈರ್ ಸೆಕೆಂಡಿಗೆ ಸುಮಾರು 13 ಸುತ್ತು ಸುತ್ತುತ್ತದೆ. ಸುತ್ತಿಗೊಮ್ಮೆ ಪಕ್ಕೆ ಮಡಚಿ ಬಿಚ್ಚಿಕೊಳ್ಳುತ್ತದೆ. ಬಿಸಿ ಏರಿ ಏರಿ ಕೊನೆಗೆ ರಬ್ಬರು ಪದರ ಪದರವಾಗಿ ಕಿತ್ತುಬರುತ್ತದೆ. ಬರುವಾಗ ಟ್ರೇಲರ್‌ನ ತಳದ ತಗಡು, ವೈರು, ನೀರಿನ ಪೈಪು ಎಲ್ಲವನ್ನೂ ಚಾಟಿಯಂತೆ ಬಾರಿಸುತ್ತದೆ.

ಅಮೆರಿಕದಲ್ಲಿ ಈ ಸೆನ್ಸರ್ ಕಡ್ಡಾಯವಾಗಿದ್ದರ ಹಿಂದೆ ಟೈರುಗಳ ಕಥೆಯೇ ಇದೆ. ಫೈರ್‌ಸ್ಟೋನ್ ಟೈರುಗಳು ಸಿಡಿದು ಫೋರ್ಡ್ ಎಕ್ಸ್‌ಪ್ಲೋರರ್‌ಗಳು ಮಗುಚಿದ ಗಲಾಟೆಯ ನಂತರ, 2000ರಲ್ಲಿ ಕಾನೂನು ಬಂತು. 2008ರ ಮಾಡೆಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಸೆನ್ಸರ್ ಇರಲೇಬೇಕಾಯಿತು. ಗಾಳಿ ಶೇ. 25ರಷ್ಟು ಇಳಿದರೆ ದೀಪ ಹತ್ತಬೇಕು. ಆದರೆ ಆ ನಿಯಮ ಟ್ರೇಲರ್‌ಗೆ ಇಲ್ಲ. ಯುರೋಪ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. 2022ರ ಜುಲೈನಿಂದ ಅಲ್ಲಿ ಮೂರೂವರೆ ಟನ್ ಮೀರಿದ ಟ್ರೇಲರ್‌ಗಳ ಹೊಸ ಮಾದರಿಗಳಿಗೂ ಇದು ಕಡ್ಡಾಯ. ಇಲ್ಲಿ ಟ್ರೇಲರ್ ಇಟ್ಟುಕೊಂಡವರು ತಾವೇ ಕೊಂಡು ಹಾಕಿಕೊಳ್ಳಬೇಕು. ಆ ಶೇ. 25ರ ಲೆಕ್ಕವೂ ಟ್ರೇಲರ್‌ಗೆ ತಡವೇ ಅಂತ ನನಗನ್ನಿಸುತ್ತದೆ. ನಮ್ಮ ಟೈರುಗಳಿಗೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕು. 60ಕ್ಕೆ ಇಳಿಯುವವರೆಗೆ ಕಾದರೆ, ಮೊದಲೇ ಮಿತಿಯ ಹತ್ತಿರ ಭಾರ ಹೊತ್ತಿರುವ ಟೈರಿನ ಗತಿ ಏನು? ನಾನು 72ಕ್ಕೇ ಅಲಾರಂ ಇಟ್ಟಿದ್ದೇನೆ.

ಆ ಅಲಾರಂ ಎರಡನೇ ಪ್ರವಾಸದಲ್ಲೇ ಕೂಗಿತು. ಎಡ ಹಿಂಬದಿ, 71. ನಿಲ್ಲಿಸಿ ನೋಡಿದರೆ ಮೊಳೆ ಇಲ್ಲ, ಗಾಜು ಇಲ್ಲ. ಊರಿನ ಪಂಕ್ಚರ್ ಅಂಗಡಿಯವರು ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಒರೆಸಿ ಗುಳ್ಳೆ ಬರುತ್ತದಾ ಅಂತ ನೋಡುತ್ತಾರೆ. ನಾನು ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿದೆ. ಬಾಯಲ್ಲಿ ಗುಳ್ಳೆ ಇಲ್ಲ. ಸುಮ್ನೆ ವಾಲ್ವನ್ನು ಹೆಬ್ಬೆರಳಿನಿಂದ ಹೊರಕ್ಕೆ ಬಾಗಿಸಿದೆ. ಬುಡದಲ್ಲಿ, ರಿಮ್ಮಿನ ತೂತಿಗೆ ರಬ್ಬರು ಕೂರುವ ಜಾಗದಲ್ಲಿ, ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟಿತು. ಅಲ್ಲಿಂದ ಸಾಲಾಗಿ ಗುಳ್ಳೆ. ಬೆರಳು ತೆಗೆದರೆ ಮುಚ್ಚಿಕೊಂಡಿತು.

ಬಿರುಕನ್ನು ಹಿಗ್ಗಿಸಿದ್ದು ನನ್ನ ಸೆನ್ಸರೇ. ಬೇಲಿ ಎದ್ದು ಹೊಲ ಮೇಯ್ದ ಹಾಗೆ.

ಲೆಕ್ಕ ಹಾಕಿ ನೋಡೋಣ. ಸೆನ್ಸರ್ ತೂಕ 15 ಗ್ರಾಂ ಅನ್ನಿ. ಅಂಗೈಯಲ್ಲಿ ಇಟ್ಟರೆ ಏನೂ ಅಲ್ಲ. ಆದರೆ ಚಕ್ರದ ನಡುವಿನಿಂದ 17 ಸೆಂ.ಮೀ. ದೂರದಲ್ಲಿ ಸೆಕೆಂಡಿಗೆ 13 ಸುತ್ತು ತಿರುಗಿಸಿದರೆ ಅದು ಕವಣೆಗೆ ಸಿಕ್ಕ ಕಲ್ಲು. ಭೂಮಿಯ ಸೆಳೆತದ ಸುಮಾರು 110 ಪಟ್ಟು ಬಲ ಅದನ್ನು ಹೊರಕ್ಕೆ ಎಳೆಯುತ್ತದೆ. 15 ಗ್ರಾಂ ಹೋಗಿ ಒಂದೂವರೆ ಕಿಲೋಗಿಂತ ಜಾಸ್ತಿ ಆಯಿತು! ಅಷ್ಟು ಭಾರವನ್ನು ಒಂದೂಕಾಲು ಇಂಚಿನ ರಬ್ಬರು ಗಂಟೆಗಟ್ಟಲೆ ಹಿಡಿದುಕೊಂಡಿರಬೇಕು. ನಿಂತಾಗ ನೆಟ್ಟಗೆ, ಓಡುವಾಗ ಓರೆ. ಬಗ್ಗುವುದೆಲ್ಲ ಬುಡದಲ್ಲೇ.

ಟೈರ್ ಅಂಗಡಿಗೆ ಹೋಗಿ ಕಿತ್ತಿಸಿದಾಗ ಇನ್ನೊಂದು ಗುಟ್ಟು ರಟ್ಟಾಯಿತು. ವಾಲ್ವಿನ ಬುಡದಲ್ಲಿ ಸಣ್ಣಗೆ 'ಟಿಆರ್ 413' ಅಂತ ಅಚ್ಚಾಗಿತ್ತು. ಕಾರುಗಳಲ್ಲಿ ಮಾಮೂಲಿ ಇರುವ ವಾಲ್ವ್ ಅದು. ಅದರ ಮಿತಿ 65 ಪಿಎಸ್‌ಐ. ಹಿಂದಿನ ಮಾಲೀಕರು ಜಾಸ್ತಿ ಭಾರ ತಾಳುವ 'ಇ' ದರ್ಜೆಯ, 80 ಪಿಎಸ್‌ಐ ಟೈರು ಹಾಕಿಸಿದ್ದರು. ಹಾಕಿದವರು ಹಳೇ ವಾಲ್ವನ್ನೇ ಬಿಟ್ಟಿದ್ದರು. ಇಂಥ ಟೈರಿಗೆ 'ಟಿಆರ್ 600 ಎಚ್‌ಪಿ' ಅನ್ನುವ ಗಟ್ಟಿ ರಬ್ಬರಿನ ವಾಲ್ವ್ ಬರುತ್ತದೆ, ಅದು 80ರವರೆಗೆ ತಾಳುತ್ತದೆ. ಸೆನ್ಸರ್ ನೇತು ಹಾಕುವುದಿದ್ದರೆ ನಟ್ಟು ಬಿಗಿದು ಕೂರಿಸುವ ಲೋಹದ ವಾಲ್ವೇ ಸರಿ. ಅದು ಬಾಗುವುದೇ ಇಲ್ಲ. ಬೆಲೆ ಕೆಲವೇ ಡಾಲರ್. ಟೈರನ್ನು ರಿಮ್ಮಿನಿಂದ ಬಿಡಿಸಬೇಕಾದ್ದೇ ರಗಳೆ. ರಿಮ್ಮಿಗೂ ಗಾಳಿಯ ಮಿತಿ ಇರುತ್ತದೆ, ಅದನ್ನೂ ಅದೇ ಹೊತ್ತಿಗೆ ನೋಡಿಸಿದೆ.

ವಾಲ್ವಿನ ಒಳಗಿನ ಸ್ಪ್ರಿಂಗ್ ಪಿನ್ನು ಹಳೇ ಕಾಲದ್ದು. ಜರ್ಮನಿಯಿಂದ ನ್ಯೂಯಾರ್ಕ್‌ಗೆ ಬಂದ ಆಗಸ್ಟ್ ಶ್ರೇಡರ್‌ನ ಕಂಪನಿಯಲ್ಲಿ ಹುಟ್ಟಿ 1893ರಲ್ಲಿ ಪೇಟೆಂಟ್ ಆದದ್ದು. ಮುಳುಗುಗಾರರ ಸಲಕರಣೆ ಮಾಡುತ್ತಿದ್ದ ಮನುಷ್ಯ ಆತ. ಒಳಗಿನ ಗಾಳಿಯೇ ಪಿನ್ನನ್ನು ಒತ್ತಿ ಬಾಗಿಲು ಮುಚ್ಚುತ್ತದೆ. ಕ್ಯಾಪ್ ಸೆನ್ಸರ್ ಮಾಡುವುದೇನು ಗೊತ್ತಾ? ಒತ್ತಡ ಅಳೆಯಬೇಕಲ್ಲ, ಅದಕ್ಕೆ ಆ ಪಿನ್ನನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ಅಂದರೆ ಬಾಗಿಲು ಸದಾ ತೆರೆದೇ ಇರುತ್ತದೆ. ಗಾಳಿ ತಡೆಯುವುದು ಸೆನ್ಸರಿನ ಒಳಗಿನ ಪುಟ್ಟ ವಾಷರ್ ಮಾತ್ರ. ಅರ್ಧ ತಿರುಗಿಸಿ ಬಿಟ್ಟರೆ ಸುಯ್ ಅನ್ನುತ್ತಲೇ ಇರುತ್ತದೆ. ರಿಮ್ಮಿನ ಒಳಗೇ ಕೂರುವ ಸೆನ್ಸರಿಗೆ ಈ ತಾಪತ್ರಯ ಇಲ್ಲ. ಆದರೆ ಅದರ ಬ್ಯಾಟರಿ ಸತ್ತರೆ ಟೈರನ್ನೇ ಬಿಚ್ಚಬೇಕು. ಅಂಥ ಸೆನ್ಸರಿನ ವಾಲ್ವ್ ಅಲ್ಯೂಮಿನಿಯಂದಾದರೆ ಹಿತ್ತಾಳೆ ಕ್ಯಾಪ್ ಹಾಕಬಾರದು. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಊರುಗಳಲ್ಲಿ, ಸಮುದ್ರಕ್ಕೆ ಇಳಿಸುವ ದೋಣಿ ಟ್ರೇಲರ್‌ಗಳಲ್ಲಿ, ಉಪ್ಪುನೀರು ಸೇರಿ ಎರಡು ಲೋಹ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕ್ಯಾಪ್ ತಿರುಗಿಸಲು ಹೋದರೆ ವಾಲ್ವೇ ಮುರಿದು ಕೈಗೆ ಬರುತ್ತದೆ.

ಇನ್ನು ಸಿಗ್ನಲ್. ಗುಂಡಿ ಬ್ಯಾಟರಿಯ ಶಕ್ತಿ ಎಷ್ಟು ತಾನೇ? ಮಧ್ಯೆ ಟ್ರೇಲರ್‌ನ ತಗಡು ಬೇರೆ ಅಡ್ಡ. ಹಿಂದಿನ ಎರಡು ಟೈರುಗಳ ಅಂಕಿ ಆಗಾಗ ಮಾಯವಾಗುತ್ತಿತ್ತು. ಟ್ರೇಲರ್‌ನ ಮುಂಭಾಗದಲ್ಲಿ, ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಒಂದು ರಿಪೀಟರ್ ಕೂರಿಸಿದ ಮೇಲೆ ಆ ಕಾಟ ನಿಂತಿತು. ಟೈರಿನ ಮೇಲ್ಪದರದ ರಬ್ಬರು ಒಳಗೊಳಗೇ ಬಿಡುತ್ತಾ ಬಂದರೆ ಮಾತ್ರ ಯಾವ ಸೆನ್ಸರೂ ಹೇಳುವುದಿಲ್ಲ, ಅದಕ್ಕೆ ಕಣ್ಣು, ಕೈಯೇ ಬೇಕು.

ಅಂಕಿ ಏರುವುದಕ್ಕೂ ಹೆದರಬೇಕಿಲ್ಲ. 20 ಡಿಗ್ರಿಯಲ್ಲಿ 80 ಹೊಡೆಸಿದ ಟೈರು ಓಡಿ ಒಳಗಿನ ಗಾಳಿ 50 ಡಿಗ್ರಿ ಮುಟ್ಟಿದರೆ ಸುಮಾರು 90 ತೋರಿಸುತ್ತದೆ. ಬಿಸಿಯಲ್ಲಿ ಗಾಳಿ ಬಿಟ್ಟರೆ ಬೆಳಿಗ್ಗೆ ಕಡಿಮೆ ಇರುತ್ತದೆ.

ಹೊಸ ವಾಲ್ವ್ ಹಾಕಿಸಿದ ಮೇಲೆ ಮೊದಲ ಬೆಳಿಗ್ಗೆ, ಕಾಫಿ ಲೋಟ ಹಿಡಿದು ಪರದೆ ಆನ್ ಮಾಡಿದೆ. ಎಡಕ್ಕೆ 80, 80. ಬಲಕ್ಕೆ 83, 83. ಎದೆ ಧಸಕ್ ಅಂತು. ಹಿಂದಿನ ರಾತ್ರಿ ನಾನೇ ಅಳೆದು ಸಮ ಮಾಡಿದ್ದೆ. ಇಳಿದು ಹೋಗಿ ನೋಡಿದರೆ ಟ್ರೇಲರ್‌ನ ಬಲ ಮಗ್ಗುಲು ಪೂರ್ವಕ್ಕಿತ್ತು, ಆ ಎರಡು ಟೈರುಗಳ ಮೇಲೆ ಬಿಸಿಲು ಬಿದ್ದಿತ್ತು.