‘ಢಾಳ ಆಯಿತು’ ಎನ್ನುವ ಮಾತು ಎಲ್ಲಿಂದ ಬಂತು?

ಮದುವೆಯ ಹಂಗಾಮು ಬಂದರೆ ಕೊಪ್ಪಳ, ಗಂಗಾವತಿಯ ಸೀರೆ ಅಂಗಡಿಗಳಲ್ಲಿ ಈಗ ಒಂದೇ ತಕರಾರು. ಮದುಮಗಳಿಗೆ ಕೆನೆಬಣ್ಣ ಇಲ್ಲವೇ ತಿಳಿಗುಲಾಬಿ ಬೇಕು; ಅಜ್ಜಿಗೆ ಅದು ಸಪ್ಪೆ. ಅಜ್ಜಿ ಎತ್ತಿಕೊಟ್ಟ ದಾಳಿಂಬೆಗೆಂಪು ಮದುಮಗಳಿಗೆ ಢಾಳ, ಎಂದರೆ ಕಣ್ಣಿಗೆ ಹೊಡೆಯುವಷ್ಟು ಗಾಢ. ಒಬ್ಬರದು ಸಂಪ್ರದಾಯದ ವಾದ, ಇನ್ನೊಬ್ಬರದು ಅಭಿರುಚಿಯ ವಾದ. ಮನೆಯ ಗೋಡೆಗೆ ಬೂದು ಬಣ್ಣ ಬಳಿಯಬೇಕೇ ಹಸಿರು ಬಳಿಯಬೇಕೇ, ಕಲ್ಲಿನ ಗುಡಿಗೆ ಆಯಿಲ್ ಪೇಂಟ್ ಹಚ್ಚುವುದು ಭಕ್ತಿಯೋ ಅಪಚಾರವೋ ಎಂಬ ಜಗಳಗಳೂ ಇದಕ್ಕೇ ತೊಡರಿಕೊಂಡಿವೆ.

ಢಾಳ ಬಣ್ಣ ಒಂದು ಕಾಲಕ್ಕೆ ದುಬಾರಿಯದು. ಮಂಜಿಷ್ಠದ ಬೇರಿನಿಂದ ಕೆಂಪು ತೆಗೆಯಬೇಕು, ನೀಲಿಗಿಡದ ಸೊಪ್ಪು ಕೊಳೆಸಿ ನೀಲಿ ತೆಗೆಯಬೇಕು. ಒಗೆದರೂ ಬಿಡದಂತೆ ನೂಲಿಗೆ ಹಿಡಿಸಲು ಮತ್ತೆ ಮತ್ತೆ ಅದ್ದಿ ಒಣಗಿಸಬೇಕು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ನಿಂತು ತಲೆಯೆತ್ತಿದರೆ ಚಾವಣಿಯ ತುಂಬ ಬಣ್ಣವೇ ಬಣ್ಣ. ಬರಿಗಲ್ಲೇ ಪುರಾತನ, ಬಣ್ಣವೆಲ್ಲ ಆಮೇಲಿನ ಗಲೀಜು ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಆಕಸ್ಮಿಕವಾಗಿ ನೇರಳೆ ರಾಸಾಯನಿಕ ಬಣ್ಣ ಕಂಡುಹಿಡಿದ. 1868ರಲ್ಲಿ ಮಂಜಿಷ್ಠದ ಕೆಂಪನ್ನೂ ಪ್ರಯೋಗಾಲಯದಲ್ಲಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಢಾಳ ಬಣ್ಣ ಬಡವರ ಮೈಮೇಲೂ ಬರತೊಡಗಿದ್ದು ಆಗ. ಅದಕ್ಕೆ ‘ಹಳ್ಳಿಯ ಬಣ್ಣ’ ಎಂಬ ಹೆಸರು ಬಿದ್ದದ್ದೂ ಎಲ್ಲರ ಕೈಗೆ ಸಿಕ್ಕ ಮೇಲೆಯೇ ಎಂದು ನನಗೆ ಅನ್ನಿಸುತ್ತದೆ. ಮುಂದೆ ಖಾದಿಯ ಬಿಳುಪು ಬಂತು, 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, ಶಾಲೆ, ಕಚೇರಿ, ಸರ್ಕಾರಿ ನೌಕರಿ ಬಂದವು.

ನನಗೆ ಹತ್ತಿರದಿಂದ ಗೊತ್ತಿರುವುದು ಆ ನೌಕರಿಯ ಕಾಲ. 1990ರ ಸುಮಾರಿಗೆ ಅವ್ವ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಂಬಳದ ವಾರ ಕೊಪ್ಪಳದ ಅಂಗಡಿಯೊಂದರ ಗಾದಿಯ ಮೇಲೆ ಕುಳಿತು ಸೀರೆ ನೋಡುತ್ತಿದ್ದಳು. ಗಿಳಿಹಸಿರಿನ ಒಂದು ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದಳು. ಅಂಗಡಿಯವರು ಅದನ್ನು ಮೆಲ್ಲಗೆ ಮಡಚಿ ಪಕ್ಕಕ್ಕಿಟ್ಟರು. “ಅಕ್ಕೋರೆ, ಇದು ನಿಮಗಲ್ಲ, ಹೊಲಕ್ಕೆ ಹೋಗುವವರು ಕೇಳುತ್ತಾರೆ. ನಿಮ್ಮ ಮೈಬಣ್ಣಕ್ಕೆ ಲೈಟ್ ಕಲರ್ ಒಪ್ಪುತ್ತದೆ,” ಎಂದರು. ಅವರ ದನಿಯಲ್ಲಿ ಗೌರವವೇ ಇತ್ತು. ಅವ್ವ ಬೂದು ಬಣ್ಣದ್ದೊಂದನ್ನು ಕಟ್ಟಿಸಿಕೊಂಡಳು. ಹೊಲ, ಮೈಬಣ್ಣ, ನೌಕರಿ ಮೂರೂ ಅಂಗಡಿಯವರ ಆ ಮಾತಿನಲ್ಲಿದ್ದವು. ಅವ್ವನ ಮದುವೆಯ ಇಳಕಲ್ ಸೀರೆ, ಕೆಂಪು ಸೆರಗಿನಲ್ಲಿ ಬಿಳಿಯ ತೋಪುತೆನೆ ಇರುವುದು, ಟ್ರಂಕಿನ ತಳಕ್ಕೆ ಹೋಯಿತು.

ಅದೇ ವರ್ಷಗಳಲ್ಲಿ ಗೋಡೆಗಳೂ ಬದಲಾದವು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದ ಮನೆಗಳು ಕ್ರೀಮ್ ಡಿಸ್ಟೆಂಪರಿಗೆ ತಿರುಗಿದವು.

ಬಣ್ಣ ಪೂರ್ತಿ ಹೋಗಲಿಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೌರಿ, ಗರುಡ, ಪಲ್ಲಕ್ಕಿಗಳನ್ನು ಕಡೆಯುತ್ತಲೇ ಬಂದಿದ್ದಾರೆ. ಕೀಲುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ನುಣ್ಣಗೆ ಮೆತ್ತಿ, ಅದರ ಮೇಲೆ ಬಣ್ಣ ಕೊಡುತ್ತಾರೆ. ತವರದ ಪುಡಿಯಿಂದ ಹೊಳಪು ತರುವ ಅವರ ವಿಧಾನಕ್ಕೆ ಲಾಜವಾರ ಎಂದು ಹೆಸರು. ಆ ಕೆಂಪು, ಹಳದಿ, ಹಸಿರುಗಳು ಒಂದಕ್ಕೊಂದು ಹೆದರದೆ ಪಕ್ಕಪಕ್ಕದಲ್ಲಿ ಕೂರುತ್ತವೆ. ನೆರಳು ಹಾಕಿ ಮಂಕು ಮಾಡುವ ಗೋಜಿಲ್ಲ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಹಿಡಿದು ಹೊರಟ ಹುಡುಗಿಯರಿಗೆ ಇಂದಿಗೂ ಯಾರೂ ‘ಢಾಳ ಆಯಿತು’ ಎನ್ನುವುದಿಲ್ಲ. ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆ ಇರಲೇಬೇಕು. ಹುಲಿಗೆಮ್ಮನ ಜಾತ್ರೆಯಲ್ಲಿ ಭಂಡಾರದ ಹಳದಿ ಬಡವ ಬಲ್ಲಿದ ಎನ್ನದೆ ಎಲ್ಲರ ಹಣೆಗೂ ಹತ್ತುತ್ತದೆ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿಗಳ ಕಥೆ ಇನ್ನಷ್ಟು ನೋವಿನದು. ಫೇಟಿಯಾ (ಲಂಗ), ಕಾಂಚಳಿ (ರವಿಕೆ) ತೊಟ್ಟು, ಕನ್ನಡಿ ಚೂರುಗಳು ಮಿನುಗುತ್ತಿರಲು ಬಸ್ ಹತ್ತಿದ ಲಂಬಾಣಿ ಹೆಂಗಸನ್ನು ಜನ ದಿಟ್ಟಿಸಿ ನೋಡಿದರು, ಸೀಟು ಬಿಟ್ಟು ಸರಿದರು. ಎಳೆಯರು ಒಬ್ಬೊಬ್ಬರಾಗಿ ಸಾದಾ ಸೀರೆಗೆ, ಚೂಡಿದಾರಕ್ಕೆ ಬಂದರು. ದಿನವೂ ಆ ಉಡುಪು ತೊಡುವವರು ಈಗ ಹೆಚ್ಚಾಗಿ ಅಜ್ಜಿಯರು. ಇತ್ತ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಈ ಮನ್ನಣೆ ಆ ಬಸ್ಸಿನ ಸೀಟಿನವರೆಗೂ ಬರಬೇಕಿತ್ತು.

ಈಚೆಗೆ ಮದುವೆಯ ಮುನ್ನಾದಿನ ‘ಹಳದಿ’ ಕಾರ್ಯಕ್ರಮ ಬಂದಿದೆ. ಎಲ್ಲರೂ ಅಚ್ಚ ಹಳದಿಯಲ್ಲೇ ಬರಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಸೂಚನೆ ಬರುತ್ತದೆ. ಕಳೆದ ವರ್ಷ ಅಂಥದೊಂದಕ್ಕೆ ಅವ್ವ ಹಳದಿ ಸೀರೆ ಕೊಂಡಳು. ಊಟವಾದ ಮೇಲೆ, “ನಾಳೆ ಅಕ್ಷತೆಗೂ ಇದನ್ನೇ ಉಡಲೇ? ಯಾರಾದರೂ ಏನಾದರೂ ಅಂದುಕೊಂಡಾರೇ?” ಎಂದು ಕೇಳಿದಳು. ಉಡು ಎಂದೆವು. ಬೆಳಿಗ್ಗೆ ಆಕೆ ಬೂದು ಸೀರೆಯ ನಿರಿಗೆ ಹಿಡಿದು ಕನ್ನಡಿಯ ಮುಂದೆ ನಿಂತಿದ್ದಳು.