ಹಸಿರು ಬ್ಲೌಸ್ ಪೀಸ್ ಹಗಲಲ್ಲೇ ಆರಿಸಿ

ಮುಂಬೈಯ ದಾದರ್‌ನ ಮ್ಯಾಚಿಂಗ್ ಅಂಗಡಿಗಳಲ್ಲಿ ಬರೀ 'ಹಸಿರು' ಎಂದರೆ ಸಾಕಾಗುವುದಿಲ್ಲ. ಗಿಳಿಹಸಿರಾ, ರಾಮಾ ಗ್ರೀನಾ, ಬಾಟಲ್ ಗ್ರೀನಾ, ಮೆಹೆಂದಿಯಾ ಎಂದು ಕೇಳುತ್ತಾರೆ. ಬಟ್ಟೆಗೆ ಬಣ್ಣ ಕಟ್ಟುವ ಕೆಲಸದಲ್ಲಿರುವ ನನಗೆ ಆ ಪ್ರಶ್ನೆ ಬಹಳ ಸರಿ ಅನಿಸುತ್ತದೆ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು ಬೆಳಕಿನ ಅಲೆಯುದ್ದ 555 ನ್ಯಾನೊಮೀಟರ್ ಆಸುಪಾಸಿನ ಹಳದಿ ಬೆರೆತ ಹಸಿರಿಗೆ.

ಅರ್ಥವೂ ಛಾಯೆಯ ಜೊತೆಗೇ ಬದಲಾಗುತ್ತದೆ. ಮರಾಠಿ ಮದುಮಗಳ ಕೈತುಂಬಾ ಹಸಿರು ಗಾಜಿನ ಬಳೆ ಇರಲೇಬೇಕು. ನಮ್ಮಲ್ಲೂ ಸೀಮಂತಕ್ಕೆ ಹಸಿರು ಬಳೆ ತೊಡಿಸುತ್ತೇವೆ. ಹಾಗಾಗಿ ಡೊಂಬಿವಲಿಯ ಕನ್ನಡ ಮನೆಗೆ ಮರಾಠಿ ಸೊಸೆ ಬಂದಾಗ ಈ ಬಣ್ಣದ ಬಗ್ಗೆ ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ದರ್ಗಾಕ್ಕೆ ಹೊದಿಸುವ ಚಾದರ್ ಕೂಡ ಹೆಚ್ಚಾಗಿ ಹಸಿರೇ. ಬಿಸ್ಕತ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರ. ಆದರೆ ಆಪರೇಷನ್ ಥಿಯೇಟರಿನ ಮಂಕು ಹಸಿರನ್ನು ಮದುವೆ ಸೀರೆಗೆ ಹಾಕಿ ನೋಡಿ, ಯಾರೂ ಒಪ್ಪುವುದಿಲ್ಲ.

ವಿಚಿತ್ರ ಏನೆಂದರೆ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು ಎಲೆ ಇದ್ದರೂ ಅದರಿಂದ ಗಟ್ಟಿ ಬಣ್ಣ ಸಿಗುವುದಿಲ್ಲ. ಎಲೆಯ ಹಸಿರು ಬಟ್ಟೆಯ ಮೇಲೆ ಬಾಳುವುದಿಲ್ಲ. ಅದಕ್ಕೇ ಹಿಂದಿನ ಬಣ್ಣಗಾರರು ನೂಲನ್ನು ನೀಲಿಯಲ್ಲೂ ಹಳದಿಯಲ್ಲೂ ಅದ್ದಿ ಹಸಿರು ತೆಗೆಯುತ್ತಿದ್ದರು. ನೀಲಿ ಗಿಡದಿಂದ ನೀಲಿ. ಅರಿಶಿನ ಅಥವಾ ದಾಳಿಂಬೆ ಸಿಪ್ಪೆಯಿಂದ ಹಳದಿ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ನೀಲಿ ಉಳಿಯುತ್ತದೆ. ಯುರೋಪಿನ ಹಳೆಯ ನೇಯ್ಗೆ ಚಿತ್ರಗಳಲ್ಲಿ ಮರದ ಎಲೆಗಳು ನೀಲಿಯಾಗಿ ಕಾಣುವುದಕ್ಕೂ ಹಳದಿ ಮಾಸಿದ್ದೇ ಕಾರಣ. 1775ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಹೊಳೆಯುವ ಹಸಿರು ಮಾಡಿದ. ಅದು ಗೋಡೆ ಕಾಗದಕ್ಕೂ ಉಡುಪಿಗೂ ಏರಿತು. ಮನೆಯೊಳಗೆ ವಿಷವನ್ನೂ ತಂದಿತು.

ಈಗಲೂ ಎಷ್ಟೋ ಹಸಿರುಗಳು ಹಳದಿ, ನೀಲಿ ಬಣ್ಣಗಳ ಬೆರಕೆಯೇ. ಸೀರೆಗೆ ಒಂದು ಬೆರಕೆ, ಬ್ಲೌಸ್ ಪೀಸ್‌ಗೆ ಇನ್ನೊಂದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೀದಿಗೆ ಬಂದರೆ ಒಂದು ನೀಲಿಗೆ, ಇನ್ನೊಂದು ಹಳದಿಗೆ ವಾಲುತ್ತದೆ. ಇದನ್ನು ಮೆಟಾಮೆರಿಸಂ ಅನ್ನುತ್ತೇವೆ. ಲ್ಯಾಬಿನಲ್ಲಿ ಇದಕ್ಕಾಗಿಯೇ ಲೈಟ್ ಬಾಕ್ಸ್ ಇರುತ್ತದೆ. ಬಟ್ಟೆಯನ್ನು ಅದರೊಳಗಿಟ್ಟು ಹಗಲಿನ ಬೆಳಕಿಗೆ ಸಮನಾದ ದೀಪದಲ್ಲೂ ಅಂಗಡಿ ದೀಪದಲ್ಲೂ ನೋಡುತ್ತೇವೆ. ಎರಡರಲ್ಲೂ ಹೊಂದಿದರೆ ಮಾತ್ರ ಪಾಸ್.

ನಿಮ್ಮ ಹತ್ತಿರ ಲೈಟ್ ಬಾಕ್ಸ್ ಇರಲ್ಲ, ಅಲ್ವಾ? ಪರವಾಗಿಲ್ಲ. ಸೀರೆಯನ್ನೇ ಜೊತೆಗೆ ತನ್ನಿ. ಮೊಬೈಲ್ ಫೋಟೋ ತೋರಿಸಿ ಕೊಳ್ಳಬೇಡಿ, ಅದರಲ್ಲಿ ಹಸಿರು ಸರಿಯಾಗಿ ಬರುವುದಿಲ್ಲ. ಸಂಜೆಯ ಗಡಿಬಿಡಿ ಬಿಟ್ಟು ಹಗಲು ಹೊತ್ತಿನಲ್ಲಿ ಹೋಗಿ. ಎರಡೂ ಬಟ್ಟೆಯನ್ನು ಬಾಗಿಲಿಗೆ ತಂದು ಅಂಚಿಗೆ ಅಂಚು ತಾಗಿಸಿ ನೋಡಿ. ಒಳ್ಳೆ ಅಂಗಡಿಯವರು ಬೇಡ ಅನ್ನುವುದಿಲ್ಲ. ಮದುವೆ ರಾತ್ರಿ ಹೊತ್ತಿಗಿದ್ದರೆ ಹಾಲ್‌ನ ಹಳದಿ ದೀಪದಂಥ ಬೆಳಕಿನಲ್ಲೂ ಒಮ್ಮೆ ನೋಡಿ.