ಓದುಗರ ಪ್ರಶ್ನೆ: ಬೋರ್ ನೀರಲ್ಲಿ ಒಗೆದು ರಟ್ಟಿನಂತಾದ ಟವೆಲ್, ಪಂಚೆ ಮತ್ತೆ ಮೆತ್ತಗಾಗುತ್ತವಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಕೊಂಡ ಟವೆಲ್‌ಗಳು ಈಗ ಮೈ ಒರೆಸಿಕೊಂಡರೆ ತರಚುವ ಹಾಗಾಗಿವೆ. ಬಿಳಿ ಪಂಚೆ, ಬನಿಯನ್ ಎಲ್ಲ ಬೂದಿ ಬಣ್ಣಕ್ಕೆ ತಿರುಗಿವೆ. ನಮಗೆ ಬರುವುದು ಬೋರ್ ನೀರು. ಪೌಡರ್ ಬದಲಿಸಿದ್ದಾಯಿತು, ಜಾಸ್ತಿ ಹಾಕಿದ್ದೂ ಆಯಿತು. ಇವನ್ನು ಸರಿಮಾಡಲು ಆಗುತ್ತದಾ, ಇಲ್ಲ ಹರಿದು ನೆಲ ಒರೆಸಲು ಇಟ್ಟುಕೊಳ್ಳುವುದೇ ವಾಸಿಯಾ?

ಉತ್ತರ: ಕತ್ತರಿ ಸದ್ಯಕ್ಕೆ ಪಕ್ಕಕ್ಕಿಡಿ. ಹತ್ತಿ ಟವೆಲ್ ಎರಡೇ ವರ್ಷಕ್ಕೆ ಕೈಲಾಗದ ಸ್ಥಿತಿಗೆ ಬರುವುದು ಅಪರೂಪ. ಬಟ್ಟೆ ಸವೆದಿದೆಯೋ, ಅದರ ಮೇಲೆ ಸುಣ್ಣ ಕೂತಿದೆಯೋ ಅನ್ನುವುದನ್ನು ಮೊದಲು ನೋಡಬೇಕು. ಟವೆಲನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನೇಯ್ಗೆ ಒಂದೇ ಸಮ ದಪ್ಪವಾಗಿದ್ದರೆ ಅದು ಸವೆದಿಲ್ಲ. ಆಮೇಲೆ ಒಣ ಟವೆಲ್ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಳ್ಳದೆ ಹನಿ ಮುತ್ತಿನ ಹಾಗೆ ಕೂತರೆ, ದಾರದ ಮೇಲೆ ಏನೋ ಕಟ್ಟಿಕೊಂಡಿದೆ ಎಂದರ್ಥ. ಕಟ್ಟಿಕೊಂಡದ್ದನ್ನು ತೆಗೆಯಬಹುದು.

ಕಟ್ಟಿಕೊಳ್ಳುವುದು ಏನು? ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಸೋಪು ಹಾಕಿದಾಗ ಅವು ಅದರ ಜೊತೆ ಸೇರಿ, ನೀರಲ್ಲಿ ಕರಗದ ಅಂಟಂಟು ಕೆನೆಯಾಗುತ್ತವೆ. ಬಕೆಟ್ಟಿನ ಅಂಚಿಗೆ ಮೆತ್ತುವ ಬೂದು ಜಿಡ್ಡು ಅದೇ. ಡಿಟರ್ಜೆಂಟ್ ಪೌಡರ್‌ನಲ್ಲಿ ಈ ಕೆನೆ ಕಟ್ಟುವುದು ಕಡಿಮೆ. ಆದರೆ ಪೌಡರ್‌ನಲ್ಲಿರುವ ಸೋಡಾ ಕ್ಯಾಲ್ಸಿಯಂ ಜೊತೆ ಸೇರಿ ಸೀಮೆಸುಣ್ಣದಂಥ ಪುಡಿಯಾಗಿ ನೇಯ್ಗೆಯೊಳಗೆ ಇಳಿಯುತ್ತದೆ. ಹಂಡೆಯ ಒಳಮೈಯಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಕ್ಕಳೆಯ ಬಂಧುವೇ ಇದು. ಕೊಳೆ ಇದಕ್ಕೆ ಅಂಟಿಕೊಂಡೇ ಉಳಿಯುವುದರಿಂದ ಬಿಳಿ ಬಟ್ಟೆ ಬೂದಿಯಾಗುತ್ತದೆ. ಪೌಡರ್ ಜಾಸ್ತಿ ಹಾಕಿ ಜಾಲಾಡುವುದು ಕಡಿಮೆ ಮಾಡಿದರೆ ಪೌಡರೂ ಬಟ್ಟೆಯಲ್ಲೇ ಉಳಿದು ಇನ್ನಷ್ಟು ಗಡಸಾಗುತ್ತದೆ.

ನಿಮ್ಮ ನೀರು ಎಷ್ಟು ಗಡಸು ಎಂದು ಐದು ನಿಮಿಷದಲ್ಲಿ ತಿಳಿಯಬಹುದು. ಅರ್ಧ ಲೀಟರ್ ಬಾಟಲಿಯಲ್ಲಿ ಅರ್ಧಕ್ಕೆ ಬೋರ್ ನೀರು, ಅಂಥದೇ ಇನ್ನೊಂದರಲ್ಲಿ ಮಳೆ ನೀರು ಇಲ್ಲವೇ ಆರ್‌ಒ ಫಿಲ್ಟರ್ ನೀರು ತುಂಬಿ. ಎರಡಕ್ಕೂ ಮೈಗೆ ಹಚ್ಚುವ ಸೋಪಿನ ಚೂರನ್ನು ಉಗುರಿನಷ್ಟೇ ತುರಿದು ಹಾಕಿ ಚೆನ್ನಾಗಿ ಕುಲುಕಿ. ಬಟ್ಟೆ ಒಗೆಯುವ ಡಿಟರ್ಜೆಂಟ್ ಬಾರ್ ಇದಕ್ಕೆ ಆಗುವುದಿಲ್ಲ, ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ. ಮೆದು ನೀರಿನ ಬಾಟಲಿಯಲ್ಲಿ ನೊರೆ ಕುತ್ತಿಗೆಯವರೆಗೆ ಏರಿ, ಕೆಳಗಿನ ನೀರು ಹೆಚ್ಚೂಕಡಿಮೆ ತಿಳಿಯಾಗಿರುತ್ತದೆ. ಗಡಸು ನೀರು ಒಡೆದ ಹಾಲಿನ ಹಾಗೆ ಕಾಣುತ್ತದೆ. ಲ್ಯಾಬ್ ವರದಿ ಕೈಯಲ್ಲಿದ್ದರೆ ‘ಒಟ್ಟು ಗಡಸುತನ’ ಎಂಬ ಸಾಲು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಬಟ್ಟೆಗಂತೂ 200 ದಾಟಿದರೆ ತಾಪತ್ರಯ ಶುರು.

ಇನ್ನು ಕೆಲಸಕ್ಕೆ ಬರೋಣ. ಮೊದಲು ಹುಳಿ, ಅಂದರೆ ಸಿಟ್ರಿಕ್ ಆಸಿಡ್, ಆಮೇಲೆ ವಾಷಿಂಗ್ ಸೋಡಾ. ಈ ಕ್ರಮ ತಿರುಗಮುರುಗ ಆಗಬಾರದು, ಎರಡನ್ನೂ ಒಟ್ಟಿಗೆ ಹಾಕಲೂಬಾರದು. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಬುರುಬುರು ನೊರೆ ತೋರಿಸುವ ವಿಡಿಯೋಗಳಿವೆಯಲ್ಲ, ಅಲ್ಲಿ ನಡೆಯುವುದು ಇಷ್ಟೇ: ಒಂದು ಇನ್ನೊಂದನ್ನು ಕೊಂದು, ಉಳಿಯುವುದು ಉಪ್ಪುನೀರು. ನೋಡಲು ಚಂದ, ಬಟ್ಟೆಗೆ ಪ್ರಯೋಜನವಿಲ್ಲ.

ಹತ್ತು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೂ ಕೊಡುತ್ತಾರೆ. ಪ್ಲಾಸ್ಟಿಕ್ ಬಕೆಟ್ ಇರಲಿ. ನೀರು ಕುದಿಯುವಷ್ಟು ಬಿಸಿ ಬೇಡ, ಏಕೆಂದರೆ ಹುಳಿ ಮತ್ತು ಕ್ಯಾಲ್ಸಿಯಂ ಸೇರಿ ಆಗುವ ಲವಣ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ, ತೆಗೆದದ್ದೇ ಮತ್ತೆ ಬಟ್ಟೆಗೆ ಕೂರುತ್ತದೆ. ಎರಡು ದೊಡ್ಡ ಟವೆಲ್ ಅಥವಾ ಒಂದು ಪಂಚೆ ಮತ್ತು ಮೂರ್ನಾಲ್ಕು ಬನಿಯನ್ ಒಂದು ಬಕೆಟ್ಟಿಗೆ ಸಾಕು. ಒಂದು ಗಂಟೆ ನೆನೆಯಲಿ, ನಡುವೆ ಎರಡು ಸಲ ಮೇಲೆ ಕೆಳಗೆ ಮಾಡಿ. ಹಿಂಡಿ ತೆಗೆದು ಎರಡು ನೀರಿನಲ್ಲಿ ಜಾಲಾಡಿ. ಆಗ ಬಟ್ಟೆ ಮುಟ್ಟಿದರೆ ಸ್ವಲ್ಪ ಜಿಡ್ಡುಜಿಡ್ಡು ಅನ್ನಿಸಬಹುದು. ಹೆದರಬೇಡಿ. ಸೋಪಿನ ಕೆನೆಯಿಂದ ಕ್ಯಾಲ್ಸಿಯಂ ಬಿಟ್ಟುಹೋಗಿ ಬರೀ ಕೊಬ್ಬು ಉಳಿದಿದೆ. ಅದನ್ನು ತೆಗೆಯುವುದೇ ಸೋಡಾದ ಕೆಲಸ.

ಐದು ಲೀಟರ್ ಕುದಿಯುವ ನೀರಿಗೆ ಐದು ಲೀಟರ್ ತಣ್ಣೀರು ಬೆರೆಸಿದರೆ ಸುಮಾರು 60 ಡಿಗ್ರಿ ಆಗುತ್ತದೆ. ತಣ್ಣೀರನ್ನು ಮೊದಲು ಸುರಿಯಿರಿ, ಬಕೆಟ್ ಸೊಟ್ಟಗಾಗುವುದಿಲ್ಲ. ಅದಕ್ಕೆ 30 ಗ್ರಾಂ ವಾಷಿಂಗ್ ಸೋಡಾ ಪುಡಿ, ಒಂದು ದೊಡ್ಡ ಚಮಚ ಡಿಟರ್ಜೆಂಟ್. ಅಂಗಡಿಯಲ್ಲಿ ಪುಡಿಯ ಬದಲು ಹರಳು ಕೊಟ್ಟರೆ 80 ಗ್ರಾಂ ಬೇಕಾಗುತ್ತದೆ, ಹರಳಿನ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ. ಅಡುಗೆ ಸೋಡಾ ಇದರ ಬದಲಿಯಲ್ಲ, ಅದಕ್ಕೆ ಇಷ್ಟು ಕ್ಷಾರಗುಣ ಇಲ್ಲ. ಕೋಲಿನಿಂದ ಬಟ್ಟೆ ಮುಳುಗಿಸಿ, ನೀರು ತಾನಾಗಿ ಆರುವವರೆಗೆ, ಸುಮಾರು ಎರಡು ಗಂಟೆ, ಬಿಡಿ. ನೀರು ಗೋಡಂಬಿ ಬಣ್ಣದಿಂದ ಹಿಡಿದು ಬೂದುಗಪ್ಪಿನವರೆಗೆ ಯಾವ ಬಣ್ಣಕ್ಕಾದರೂ ತಿರುಗಬಹುದು, ಅದು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಮಾಲು. ಉಜ್ಜಿ, ಮೂರು ನೀರಿನಲ್ಲಿ ಜಾಲಾಡಿ. ಕೊನೆಯ ನೀರಿಗೆ ಕಾಲು ಚಿಕ್ಕ ಚಮಚ ಸಿಟ್ರಿಕ್ ಆಸಿಡ್ ಹಾಕಿದರೆ ಉಳಿದ ಸೋಡಾ ಸತ್ತು ಟವೆಲ್ ಮೆತ್ತಗಾಗುತ್ತದೆ. ಇದಕ್ಕಿಂತ ಜಾಸ್ತಿ ಬೇಡ. ಹುಳಿ ಉಳಿದ ಹತ್ತಿ ಬಟ್ಟೆಗೆ ಇಸ್ತ್ರಿ ಬಿದ್ದರೆ ದಾರ ಬಲ ಕಳೆದುಕೊಳ್ಳುತ್ತದೆ.

ಎಚ್ಚರ ವಹಿಸಬೇಕಾದ ಜಾಗಗಳಿವೆ. ಬ್ಲೀಚ್ ದ್ರಾವಣಕ್ಕೆ ಹುಳಿ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಒಂದೇ ದಿನ ಎರಡನ್ನೂ ಬಳಸಬೇಡಿ. ಸೋಡಾ ನೀರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಯಿಸಿದರೆ ಪಾತ್ರೆ ಕಪ್ಪಾಗಿ ತೂತು ಬೀಳುವ ದಾರಿ ಹಿಡಿಯುತ್ತದೆ. ರೇಷ್ಮೆ, ಉಣ್ಣೆಗೆ ಸೋಡಾ ಸೋಕಿಸಲೇಬಾರದು. ಅವಕ್ಕೆ ಅಂಟುವಾಳಕಾಯಿಯೇ ಸರಿ, ಅದರ ನೊರೆ ಗಡಸು ನೀರಲ್ಲಿ ಕೆನೆ ಕಟ್ಟುವುದಿಲ್ಲ.

ಬಟ್ಟೆಯ ಕಲೆ ಬೂದಿಯಲ್ಲ, ತುಕ್ಕಿನ ಹಾಗೆ ಹಳದಿ ಕಂದು ಇದ್ದರೆ ನೀರಿನಲ್ಲಿ ಕಬ್ಬಿಣ ಇದೆ. ಇಂಥ ಬಟ್ಟೆಗೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ, ಕರಗಿದ್ದ ಕಬ್ಬಿಣವೂ ತುಕ್ಕಾಗಿ ಕೂರುತ್ತದೆ. ಸಿಟ್ರಿಕ್ ಆಸಿಡ್ ಹಂತವನ್ನೇ ಎರಡು ಸಲ ಮಾಡಿ ನೋಡಿ. ನೀಲಿ ಹಾಕಿದರೆ ಬಿಳಿ ಬರುತ್ತದಲ್ಲ ಎಂದರೆ, ನೀಲಿ ಹಳದಿಯನ್ನು ಕಣ್ಣಿಂದ ಮರೆಮಾಡುತ್ತದೆಯೇ ಹೊರತು ಕೊಳೆ ತೆಗೆಯುವುದಿಲ್ಲ. ಬೂದಿ ಬಟ್ಟೆಗೆ ನೀಲಿ ಹಾಕಿದರೆ ನೀಲಿ ಬೂದಿ.

ಇಷ್ಟೆಲ್ಲ ಮಾಡಿ ಮತ್ತೆ ಅದೇ ನೀರಿನಲ್ಲಿ ಒಗೆದರೆ ಆರು ತಿಂಗಳಿಗೆ ಮೊದಲಿನ ಕಥೆಯೇ. ಅದಕ್ಕೊಂದು ಅಗ್ಗದ ದಾರಿ: ರಾತ್ರಿಯೇ ಹತ್ತು ಲೀಟರ್ ಬೋರ್ ನೀರಿಗೆ ಒಂದು ಮಟ್ಟಸ ಚಿಕ್ಕ ಚಮಚ, ಅಂದರೆ ಸುಮಾರು 5 ಗ್ರಾಂ, ವಾಷಿಂಗ್ ಸೋಡಾ ಕಲಸಿಡಿ. ನೀರು ಮೊದಲು ಮಬ್ಬಾಗಿ, ಬೆಳಿಗ್ಗೆ ಹೊತ್ತಿಗೆ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಅದರಲ್ಲಿ ಪೌಡರ್ ಹಾಕಿ. ಬಟ್ಟೆಯಲ್ಲಿ ಕೂರಬೇಕಿದ್ದ ಸುಣ್ಣ ಬಕೆಟ್ಟಿನಲ್ಲೇ ಕೂತಿತು, ಪೌಡರೂ ಕಡಿಮೆ ಸಾಕು. ಜಾಲಾಡುವುದಕ್ಕೆ ಮಳೆ ನೀರು ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ನೂರು ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ ಸಾವಿರ ಲೀಟರ್. ಮೊದಲ ಮಳೆಯ ನೀರು ಧೂಳು ತರುತ್ತದೆ, ಅದನ್ನು ಹರಿಯಬಿಡಿ. ಟವೆಲ್‌ಗೆ ಕಂಡಿಷನರ್ ನಿಲ್ಲಿಸಿ. ಅದು ದಾರಕ್ಕೆ ಮೇಣದಂಥ ಲೇಪ ಕೊಟ್ಟು ಮೆತ್ತಗೆ ಮಾಡುತ್ತದೆ, ನೀರು ಹೀರುವುದನ್ನು ಕೆಡಿಸುತ್ತದೆ. ಹರವುವ ಮುಂಚೆ ಎರಡು ಸಲ ಜಾಡಿಸಿ, ಒಣಗಿದ ಮೇಲೆ ಕೈಯಲ್ಲಿ ತಿಕ್ಕಿ ಮಡಚಿದರೆ ಗಡಸು ಇನ್ನಷ್ಟು ಕಡಿಮೆ.

ಇಷ್ಟಾದ ಮೇಲೂ ಬೆಳಕಿಗೆ ಹಿಡಿದಾಗ ಜಾಳುಜಾಳಾಗಿ ಕಾಣುವ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಪರ್ ಎಂದು ಬಿಡುವ ಬಟ್ಟೆಗೆ ಮಾತ್ರ ಕತ್ತರಿ ಹಾಕಿ. ಹಳೆ ಬಟ್ಟೆಯನ್ನು ನೆಲ ಒರೆಸುವುದಕ್ಕಷ್ಟೇ ಅಲ್ಲ, ಹೀಗೂ ಬಳಸಬಹುದು.

ಬೆಡ್‌ಶೀಟ್ ಸಾಮಾನ್ಯವಾಗಿ ನಡುವೆ ಸವೆದು ಅಂಚು ಗಟ್ಟಿಯಾಗಿರುತ್ತದೆ. ಉದ್ದಕ್ಕೆ ನಡುಮಧ್ಯೆ ಕತ್ತರಿಸಿ, ಹೊರ ಅಂಚುಗಳೆರಡನ್ನೂ ಒಂದರ ಮೇಲೊಂದು ಒಂದು ಸೆಂಟಿಮೀಟರ್ ಹತ್ತಿಸಿ ಎರಡು ಸಾಲು ಹೊಲಿಯಿರಿ. ಸವೆದ ಭಾಗ ಈಗ ಹೊರಗಿನ ಅಂಚಾಯಿತು, ಅದನ್ನು ಮಡಚಿ ಹೊಲಿದರೆ ಇನ್ನೆರಡು ವರ್ಷ ನಡೆಯುತ್ತದೆ. ಅಗಲದಲ್ಲಿ ನಾಲ್ಕೈದು ಸೆಂಟಿಮೀಟರ್ ಹೋಗುತ್ತದೆ ಅಷ್ಟೆ.

ಹತ್ತಿ ಪಂಚೆಗೆ ಸಂಡಿಗೆ ಕಾಲದಲ್ಲಿ ಬೇರೆ ಬಟ್ಟೆ ಸರಿಸಾಟಿಯಿಲ್ಲ. ಪೌಡರ್ ಹಾಕದೆ ಬಿಸಿನೀರಲ್ಲಿ ಒಮ್ಮೆ ಅದ್ದಿ ಒಗೆದು, ಒದ್ದೆ ಹಿಂಡಿ ತಾರಸಿಯಲ್ಲಿ ಹರಡಿ ಹಿಟ್ಟು ಬಿಡಿ. ಒಣಗಿದ ಮೇಲೆ ಮಗುಚಿ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಪಂಚೆಯಲ್ಲಿ ನೀರು ಸರಿಯಾಗಿ ಇಳಿಯದೆ ಸಂಡಿಗೆ ಮುರಿದೇ ಬರುತ್ತದೆ. ಇಡ್ಲಿ ತಟ್ಟೆಗೆ ಹಾಸಲು, ಮೊಸರು ಕಟ್ಟಲೂ ಇದೇ ಬಟ್ಟೆ.

ಮಸಿಬಟ್ಟೆ ಮಾಡುವ ಮುಂಚೆ ಬಟ್ಟೆ ಯಾವುದು ಎಂದು ಸುಟ್ಟು ನೋಡಿ. ಎರಡೆಳೆ ಕಿತ್ತು ಚಿಮುಟದಲ್ಲಿ ಹಿಡಿದು ಉರಿಗೆ ಒಡ್ಡಿ. ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ ಬಂದರೆ ಹತ್ತಿ. ಕರಗಿ ಕುಗ್ಗಿ ಕಪ್ಪು ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅದು ಬಿಸಿ ಪಾತ್ರೆಯ ಮೇಲೆ ಕರಗಿ ಕೈಗೆ ಅಂಟಿಕೊಂಡರೆ ಸುಟ್ಟ ಗಾಯ ಆಳವಾಗುತ್ತದೆ. ಅಂಥದ್ದನ್ನು ಕಿಟಕಿ ಧೂಳು ಹೊಡೆಯಲು ಇಟ್ಟುಕೊಳ್ಳಿ.

ಸೀರೆಗಳು ಒಟ್ಟಾಗಿದ್ದರೆ ಕೌದಿ. ಐದೂವರೆ ಮೀಟರ್ ಹತ್ತಿ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಸುಮಾರು 1.8 ಮೀಟರ್ ಉದ್ದ, 1.2 ಮೀಟರ್ ಅಗಲದ ಮೂರು ಪದರ ಬರುತ್ತದೆ, ಒಬ್ಬರಿಗೆ ಹೊದೆಯಲು ಸಾಕು. ಮೇಲೆ ತುಂಡುಗಳ ಒಂದು ಪದರ. ಅದಕ್ಕಿಂತ ದಪ್ಪವಾದರೆ ಸೂಜಿ ಇಳಿಯುವುದಿಲ್ಲ, ಒಗೆದರೆ ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕವಂದಿ ಎಂಬ ತಮ್ಮ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ, ಮೂಲೆಗಳಿಗೆ ಮಡಚಿದ ತುಂಡುಗಳ ಹೂ ಇಡುತ್ತಾರೆ. ಹೊಸಬರು ಸಾಲುಸಾಲಾಗಿ ಹೊಲಿದರೂ ನಡೆಯುತ್ತದೆ, ಸಾಲಿಗೂ ಸಾಲಿಗೂ ಒಂದೂವರೆ ಸೆಂಟಿಮೀಟರ್ ಮೀರದಿರಲಿ. ಹೊಲಿಯುವ ಮುಂಚೆ ಪ್ರತಿ ತುಂಡನ್ನೂ ಬಿಸಿನೀರಲ್ಲಿ ಬೇರೆಬೇರೆ ಒಗೆಯಿರಿ. ಮುಖ್ಯವಾಗಿ ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆಯಿರುವಾಗಲೇ ಬಿಳಿ ಬಟ್ಟೆಯ ಚೂರಿಗೆ ತಿಕ್ಕಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡನ್ನು ಕೌದಿಗೆ ಸೇರಿಸಬೇಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಕಟ್ಟುತ್ತದೆ ಅನ್ನುತ್ತಾರೆ, ಆದರೆ ಅದು ಆ ಒಂದು ಒಗೆತದಲ್ಲಿ ಬಣ್ಣ ಬಿಡುವುದನ್ನು ತಡೆದೀತು, ಮುಂದಿನದರಲ್ಲಿ ಮತ್ತೆ ಬಿಡುತ್ತದೆ.